ಐಲಮ್ಮನ ಸೊಳ್ಳೆ ಎಣ್ಣೆ

ಹೊಂಗನೂರಿನಲ್ಲಿ ಆಗ ರೇಷ್ಮೆಹುಳು ಸಾಕದ ಮನೆ ಬೇಕೆಂದರೆ ಊರು ಬಿಟ್ಟೇ ಹೋಗಬೇಕಿತ್ತು. ನಡುಮನೆ ಹುಳುಗಳಿಗೆ, ಮಿಕ್ಕ ಮೂಲೆಮುಡುಕು ಮನುಷ್ಯರಿಗೆ. ಅಂಥ ಊರಿಗೆ ೧೯೬೭ರಲ್ಲಿ, ಸಂಬಳವಿಲ್ಲದೆ ಎರಡು ವರ್ಷ ಇಂಗ್ಲಿಷ್ ಕಲಿಸುತ್ತೇನೆಂದು ಐರ್ಲೆಂಡಿನಿಂದ ಐಲೀನ್ ಬಂದಳು. ಇಪ್ಪತ್ತಮೂರು ವರ್ಷದವಳು. ಹುಳು ಇರುವ ಮನೆಗೆ ಹೊರಗಿನವರನ್ನು ಸೇರಿಸುವ ಪದ್ಧತಿ ಇಲ್ಲ. ಹೆಡ್‌ಮಾಸ್ಟರು ನಂಜುಂಡಯ್ಯನವರು ನಮ್ಮಪ್ಪ ವೀರಭದ್ರಯ್ಯನಿಗೆ ಬೇಕಾದವರಾದ್ದರಿಂದ ನಮ್ಮ ಜಗುಲಿಯ ಕೋಣೆ ಅವಳಿಗೆ ಸಿಕ್ಕಿತು. ನಮ್ಮಜ್ಜಿ ಚನ್ನಬಸಮ್ಮ ಮೊದಲ ದಿನವೇ ಅವಳನ್ನು ಐಲಮ್ಮ ಮಾಡಿಬಿಟ್ಟಳು.

ಸೊಳ್ಳೆ ಕಚ್ಚಿ ಕಚ್ಚಿ ಅವಳ ಬಿಳಿ ಕೈಕಾಲು ಒಂದೇ ವಾರಕ್ಕೆ ದದ್ದು ದದ್ದಾದವು. ಅದಕ್ಕೆಂದು ಒಂದು ಸಣ್ಣ ಬಾಟಲಿ ಎಣ್ಣೆ ತಂದಿದ್ದಳು, ಮಜ್ಜಿಗೆಹುಲ್ಲಿನ ವಾಸನೆಯದು. ಹುಳುಗಳಿಗೆ ಬೀಡಿ ಹೊಗೆ ಆಗದು, ಅತ್ತರು ಆಗದು, ಇದಂತೂ ವಿಷ. ಆ ಎಣ್ಣೆ ಹಚ್ಚಿದ ಮೈಯಲ್ಲಿ ನಡುಮನೆಯ ಹೊಸ್ತಿಲು ದಾಟಕೂಡದೆಂದು ಅಪ್ಪ ಕರಾರು ಹಾಕಿದ. ಅವಳು ಅದನ್ನು ವ್ರತದ ಹಾಗೆ ನಡೆಸಿದಳು. ಸಂಜೆ ಜಗುಲಿಯಲ್ಲೇ ಹಚ್ಚಿಕೊಳ್ಳುವಳು. ಬೆಳಿಗ್ಗೆ ಹಿತ್ತಲಲ್ಲಿ ಸೀಗೆಪುಡಿ ಹಾಕಿ ಮೈಕೈ ಉಜ್ಜಿ ತೊಳೆದು, ಎರಡೂ ಕೈಯನ್ನು ಅಜ್ಜಿಯ ಮೂಗಿನ ಮುಂದೆ ಹಿಡಿಯುವಳು. ಅಜ್ಜಿ ಮೂಸಿ ಹೂಂ ಅಂದಮೇಲೇ ಒಳಗೆ ಕಾಲಿಡುವಳು. ಇಡೀ ಊರು ಇದನ್ನು ಹೇಳಿಕೊಂಡು ನಗುತ್ತಿತ್ತು.

ನಾಲ್ಕು ತಿಂಗಳಲ್ಲಿ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿತಳು. ಬೆಳಿಗ್ಗೆ ಅಜ್ಜಿಯ ಜೊತೆ ನಿಂತು ಹುಳುಗಳ ತಟ್ಟೆಗಳಿಗೆಲ್ಲ ಹಿಪ್ಪುನೇರಳೆ ಸೊಪ್ಪು ಹಾಕುವಳು. ಹುಳುಗಳು ಸೊಪ್ಪು ಮೇಯುವ ಸದ್ದು ಕೇಳುತ್ತ, ನಮ್ಮೂರ ಮಳೆ ಹೀಗೇ ಎಂದು ಒಮ್ಮೆ ಕಣ್ಣು ತುಂಬಿಕೊಂಡಿದ್ದಳು.

ನಾನು ಮಂಗಳಗೌರಿ, ಆಗ ಹದಿನಾಲ್ಕು ವರ್ಷ. ಸೊಪ್ಪು ಹಾಕಲು ಕೈ ಸಾಲದೆಂದು ಅಪ್ಪ ನನ್ನನ್ನು ಸ್ಕೂಲು ಬಿಡಿಸಲು ನಿಂತಿದ್ದ. ಐಲಮ್ಮ ತನಗೆ ಬರುತ್ತಿದ್ದ ನಲವತ್ತು ಕನ್ನಡ ಮಾತನ್ನೂ ಖರ್ಚು ಮಾಡಿ ಅವನನ್ನು ಬೇಡಿಕೊಂಡಳು. ಅಪ್ಪ ಕರಗಿದ, ಆದರೆ ನನ್ನ ಕಡೆ ತಿರುಗಿ ಹೇಳಿದ: "ಓದ್ಕೊ. ನಿನ್ ದೆಸೆಯಿಂದ ಒಂದ್ ತಟ್ಟೆ ಹುಳ ಕೆಟ್ರೂ ಅವತ್ತೇ ಸ್ಕೂಲ್ ಬುಡುಸ್ತೀನಿ."

ಹುಳು ಪೊರೆ ಕಳಚಲು ಮೇವು ಬಿಟ್ಟು ಕೂರುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ಸಲದ ಬೆಳೆ ನಾಲ್ಕನೇ ಜ್ವರ, ಅಂದರೆ ಕೊನೆಯದು, ದಾಟಿತ್ತು. ಇನ್ನು ಮೂರು ದಿನಕ್ಕೆ ಗೂಡು ಕಟ್ಟಬೇಕು. ಅವತ್ತು ನನಗೆ ಸ್ಕೂಲಿಗೆ ರಜೆ ಹಾಕಿಸಿದ್ದರು. ಐಲಮ್ಮ ಎಂದಿನಂತೆ ಬೆಳಗಿನ ಸೊಪ್ಪು ಹಾಕಿ ಪಾಠಕ್ಕೆ ಹೋಗಿದ್ದಾಗ, ಒಣಗಿದ ಅವಳ ಬಟ್ಟೆ ಇಡಲು ಕೋಣೆಗೆ ಹೋದೆ. ಬಾಟಲಿ ಕಂಡಿತು. ಅವಳ ಹಾಗೆ ಘಮಘಮ ಅನ್ನಬೇಕು ಎಂಬ ಆಸೆ, ಅಷ್ಟೇ. ಅಂಗೈಗೆ ಸುರಿದುಕೊಂಡು ಮೊಣಕೈವರೆಗೂ ಬಳಿದುಕೊಂಡೆ. ಅಷ್ಟರಲ್ಲಿ ಸೊಪ್ಪು ಬಾಡುತ್ತಿದೆ ಎಂದು ಹಿತ್ತಲಿನಿಂದ ಅಜ್ಜಿ ಕೂಗಿದಳು. ಗಾಬರಿಯಲ್ಲಿ ಲಂಗಕ್ಕೆ ಕೈ ಒರೆಸಿಕೊಂಡು ಓಡಿ, ಅದೇ ಕೈಯಲ್ಲಿ ಎಲ್ಲ ತಟ್ಟೆಗೂ ಸೊಪ್ಪು ಹರಡಿದೆ.

ಬೆಳಗಾಗುವಷ್ಟರಲ್ಲಿ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಹಸಿರು ನೀರು ಕಕ್ಕುತ್ತಿದ್ದವು. ಮಧ್ಯಾಹ್ನಕ್ಕೆ ಒಂದೂ ಉಳಿಯಲಿಲ್ಲ. ಅಪ್ಪ ಮಂಕರಿಯಲ್ಲಿ ತುಂಬಿ ತುಂಬಿ ತಿಪ್ಪೆಗೆ ಹೊತ್ತ. ಅಜ್ಜಿ ನೀರು ಕೂಡ ಮುಟ್ಟಲಿಲ್ಲ.

ಬಾಗಿಲಲ್ಲಿ ಜನ ನೆರೆದರು. ಅಜ್ಜಿಯೇ ಕೇಳಿದಳು: "ಐಲಮ್ಮ, ನಿನ್ನೆ ಸೊಪ್ ಹಾಕ್ದಾಗ ಕೈಲಿ ಒಸಿ ಎಣ್ಣೆ ಉಳಕಂಡಿತ್ತೇನವ್ವಾ?"

ಐಲಮ್ಮ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

"ನಾನೇ," ಅಂದಳು. "ನನ್ನ ಕೈ. ತಪ್ಪಾಯ್ತು."

ಅಪ್ಪ ಬೈಯಲಿಲ್ಲ. ಕೋಣೆ ಖಾಲಿ ಮಾಡಲು ಮಾತ್ರ ಹೇಳಿದ. ಬೇರೆ ಯಾವ ಮನೆಯವರೂ ಅವಳನ್ನು ಸೇರಿಸಲಿಲ್ಲ. ಎಂಟು ದಿನ ಸ್ಕೂಲಿನಲ್ಲೇ ಮಲಗಿದ್ದು, ಎರಡು ವರ್ಷಕ್ಕೆ ಬಂದವಳು ಏಳೇ ತಿಂಗಳಿಗೆ ಚನ್ನಪಟ್ಟಣದ ಬಸ್ಸು ಹತ್ತಿದಳು. ನನಗೆ ತನ್ನ ಡಿಕ್ಷನರಿ ಕೊಟ್ಟು, ಓದು ಬಿಡಬೇಡ ಎಂದಳು. ಒಳಗಡೆ ವಿಳಾಸ ಬರೆದಿದ್ದಳು. ಅಜ್ಜಿ ಮಾತ್ರ ಸಾಯುವವರೆಗೂ ತನ್ನ ಮೂಗನ್ನೇ ಬೈದುಕೊಂಡಳು: "ಮೂಸಿಯೇ ಒಳಕ್ ಬುಟ್ಟಿದ್ನಲ್ಲ, ಈ ಮೂಗಿಗೂ ವಯಸ್ಸಾಯ್ತು."

ಐಲಮ್ಮನಿಗೆ ಎಲ್ಲ ಗೊತ್ತಿತ್ತು, ನನ್ನ ಓದು ಉಳಿಯಲೆಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು ಎಂದೇ ನಾನು ನಂಬಿದೆ. ಆ ನಂಬಿಕೆಯ ಮೇಲೆಯೇ ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ, ಚನ್ನಪಟ್ಟಣದಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಪಾಠ ಮಾಡಿದೆ. ದೇವರಿಗೆ ದೀಪ ಹಚ್ಚುವಾಗೆಲ್ಲ ಅವಳನ್ನು ನೆನೆದೆ. ಕಾಗದ ಮಾತ್ರ ಬರೆಯಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ. ನನ್ನ ಮೌನಕ್ಕೆ ಬಂಗಾರದ ಮುಲಾಮು ಹಚ್ಚಿದವಳು ನಾನೇ.

ನಿವೃತ್ತಿಯಾದ ವರ್ಷ ಧೈರ್ಯ ಮಾಡಿದೆ. ಎಣ್ಣೆ ಹಚ್ಚಿಕೊಂಡವಳು ನಾನು, ನನಗಾಗಿ ನೀವು ಸುಳ್ಳು ಹೇಳಿದ್ದು ಗೊತ್ತು ಎಂದು ಡಿಕ್ಷನರಿಯ ವಿಳಾಸಕ್ಕೆ ನಾಲ್ಕು ಪುಟ ಬರೆದೆ. ಉತ್ತರ ಅವಳ ತಂಗಿಯಿಂದ ಬಂತು. ಐಲೀನ್ ತೀರಿಹೋಗಿ ಎರಡು ವರ್ಷವಾಗಿತ್ತು.

ತಂಗಿ ಬರೆದಿದ್ದಳು: ಐಲೀನ್ ಸುಳ್ಳು ಹೇಳಿದ್ದಲ್ಲ. ತನ್ನ ಕೈಯಿಂದಲೇ ಆಯಿತೆಂದು ಅವಳು ಕಡೆಯವರೆಗೂ ನಂಬಿದ್ದಳು. ವಾಪಸು ಬಂದಮೇಲೆ ಮತ್ತೆ ಪಾಠ ಮಾಡಲಿಲ್ಲ, ಅಂಚೆ ಕಚೇರಿಗೆ ಸೇರಿದಳು. ಆ ಮನೆಯ ಹುಡುಗಿ, ಅಂದರೆ ನೀವು, ತನ್ನ ಪರವಾಗಿ ಏನಾದರೂ ಹೇಳುತ್ತೀರೇನೋ ಎಂದು ಆವತ್ತು ನಿಮ್ಮ ಮುಖವನ್ನೇ ನೋಡುತ್ತಿದ್ದಳಂತೆ. ನಮ್ಮ ಮಕ್ಕಳನ್ನು ಎತ್ತಿಕೊಳ್ಳುವ ಮುಂಚೆ ಪ್ರತಿ ಸಲವೂ ಕೈ ತೊಳೆದು ಮೂಸಿ ನೋಡಿಕೊಳ್ಳುತ್ತಿದ್ದಳು.

ಕಾಗದ ಹಿಡಿದುಕೊಂಡು ತುಂಬ ಹೊತ್ತು ಅತ್ತೆ. ಅಜ್ಜಿಯ ಮೂಗು ಸರಿಯಾಗಿಯೇ ಇತ್ತು. ಆ ಬೆಳಿಗ್ಗೆ ಐಲಮ್ಮನ ಕೈಯಲ್ಲಿ ಸೀಗೆಪುಡಿಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಅದನ್ನು ಹೇಳಬಲ್ಲವಳು ನಾನೊಬ್ಬಳೇ ಇದ್ದೆ.