ಬಲಗಣ್ಣಿನ ನೆಂಟರು

"ಅಲ್ಲಾಡ್ಬೇಡಿ. ಗದ್ದ ಇಲ್ಲಿಡಿ," ಎಂದರು ಕಣ್ಣಿನ ಡಾಕ್ಟರಮ್ಮ.

ಬೆಳಕಿನ ಸಣ್ಣ ಗೆರೆಯೊಂದು ಗಡಿಯಾರ ರಿಪೇರಿಯವನ ಬಲಗಣ್ಣಿನ ಮೇಲೆ ಹರಿದಾಡಿ ಒಂದು ಕಡೆ ನಿಂತುಬಿಟ್ಟಿತು. ಎಡಗಣ್ಣು ಹೋಗಿ ಹತ್ತು ವರ್ಷ. ಸತ್ತ ಯಾರದೋ ಕಾರ್ನಿಯಾ, ಕಣ್ಣಿನ ಮುಂದಿನ ಪಾರದರ್ಶಕ ಪದರ, ಬಲಗಣ್ಣಲ್ಲಿ ಬಂದು ಕೂತು ಏಳು ತಿಂಗಳು. ಕೂದಲೆಳೆಯಂಥ ಸ್ಪ್ರಿಂಗು ಮತ್ತೆ ಕಾಣತೊಡಗಿ ಅಂಗಡಿಯ ಬಾಗಿಲು ತೆರೆದದ್ದು ಅದರಿಂದಲೇ. ದಿನಾ ಬೆಳಿಗ್ಗೆ ಹೆಂಡತಿ, "ನೆಂಟರು ಚೆನ್ನಾಗಿದ್ದಾರಾ?" ಎಂದು ಕೇಳಿ ನಗುತ್ತಿದ್ದಳು.

"ಡ್ರಾಪ್ಸ್ ಹಾಕೋದು ನಿಲ್ಲಿಸಿದ್ರಾ?"

"ಕಣ್ಣು ಚೆನ್ನಾಗೇ ಇತ್ತಲ್ಲ ಅಂತ... ಮೂರು ವಾರ ಆಯ್ತು."

ಪಕ್ಕದಲ್ಲಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು. "ಊರೋರ ಗಡಿಯಾರಕ್ಕೆಲ್ಲ ಎಣ್ಣೆ ಬಿಡ್ತೀರ, ನಿಮ್ಮ ಕಣ್ಣಿಗೆ ಒಂದು ಹನಿ ಬಿಡೋಕಾಗ್ಲಿಲ್ವಾ!"

ಡಾಕ್ಟರಮ್ಮ ಕಂಪ್ಯೂಟರ್ ಪರದೆಯನ್ನು ಅವರತ್ತ ತಿರುಗಿಸಿದರು. ಬಿಳಿ ಗುಡ್ಡೆಯಿಂದ ಹೊರಟ ಕೆಂಪು ಎಳೆಯೊಂದು ಕಾರ್ನಿಯಾದ ಅಂಚು ಮುಟ್ಟಿತ್ತು.

"ಇಲ್ಲಿ ರಕ್ತನಾಳ ಇರಲ್ಲ. ಅದಕ್ಕೇ ಟಿ ಕೋಶಗಳು, ಅಂದ್ರೆ ಮೈಯ ಕಾವಲಿನವರು, ಈ ಕಡೆ ಅಷ್ಟಾಗಿ ಸುಳಿಯಲ್ಲ. ಒಂದೊಂದು ಜೀವಕೋಶದ ಮೇಲೂ ಗುರುತಿನ ಅಣುಗಳಿರ್ತವೆ. ಈ ಟಿ ಕೋಶಗಳು ಅವನ್ನ ತಡವಿ ನೋಡ್ತವೆ. ನಮ್ಮೋರಲ್ಲ ಅಂತ ಗೊತ್ತಾದ್ರೆ ಬಿಡಲ್ಲ. ನೋಡಿ, ದಾರಿ ಮಾಡ್ಕೊಂಡು ಬಂದಿವೆ."

"ಗುರುತು ಹಿಡಿದುಬಿಟ್ವಾ?"

"ಹಿಡಿದಿವೆ. ಗಂಟೆಗೊಂದು ಹನಿ ಹಾಕಿ. ಇವನ್ನ ತಡೆಯೋಕೆ ಆಗ್ಬಹುದು. ತಪ್ಪಿದ್ರೆ ಇದೂ ಹೋಗತ್ತೆ."

ಅಂಗಡಿಗೆ ಬಂದವನು ತುದಿಗಾಲಲ್ಲಿ ಓಡಾಡತೊಡಗಿದ. ಗಿರಾಕಿಗಳ ಜೊತೆಯೂ ಪಿಸುಮಾತು.

"ಯಾರಿಗೆ ಕೇಳಿಸ್ಬಾರ್ದು ಅಂತ ರೀ ಇದೆಲ್ಲ?" ಎಂದಳು ಹೆಂಡತಿ.

"ನನಗೇ ಕಣೇ. ನನ್ನೊಳಗಿನ ಕಾವಲಿನವರಿಗೆ."

ನಕ್ಕವಳ ನಗು ಅರ್ಧದಲ್ಲೇ ನಿಂತಿತು. ಅವನು ಸ್ಟೂಲು ಹತ್ತಿ ಗೋಡೆಯ ಗಡಿಯಾರಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದ. ಟಿಕ್ ಟಿಕ್ ಸದ್ದು ಕಡಿಮೆಯಾದಂತೆಲ್ಲ ಅಂಗಡಿ ದೊಡ್ಡದಾಗುತ್ತ ಹೋಯಿತು.

"ಎಲ್ಲ ನಿಲ್ಲಿಸಿದ್ರೆ ಹನಿ ಹಾಕೋ ಹೊತ್ತು ಗೊತ್ತಾಗೋದು ಹೇಗೆ?"

ಕೊನೆಯದೊಂದನ್ನು ಉಳಿಸಿದ. ಗಂಟೆ ಹೊಡೆಯುವ ಅದರ ಪುಟ್ಟ ಸುತ್ತಿಗೆಗೆ ಬಟ್ಟೆ ಸುತ್ತಿ, ಅಂಗಡಿಯ ಬಾಗಿಲು ಹಾಕಿ, ಕಣ್ಣು ಮುಚ್ಚಿ ಕುರ್ಚಿಗೊರಗಿದ. ಒಳಗೆಲ್ಲೋ ಯಾರೋ ಒಂದೊಂದೇ ಮನೆಯ ಬಾಗಿಲು ತಡವುತ್ತ, ಅವಸರವಿಲ್ಲದೆ ಬರುತ್ತಿದ್ದಂತೆ ಅನಿಸಿತು. ಅವರೂ ತನ್ನವರೇ.

ನಾಲ್ಕಕ್ಕೆ ಸುತ್ತಿಗೆ ನಾಲ್ಕು ಸಲ ಎದ್ದು ಬಿತ್ತು. ಸದ್ದಿಲ್ಲ. ಹೆಂಡತಿ ಹನಿಯ ಬಾಟಲಿ ಹಿಡಿದು ಬಗ್ಗಿದಳು. ಅವನ ಬಲಗಣ್ಣು ತೆರೆದುಕೊಂಡಿತು.

"ಎಚ್ಚರ ಇದ್ದೀರಾ?" ಅವಳೂ ಪಿಸುಗುಟ್ಟಿದಳು.

ಎಚ್ಚರವಿತ್ತು. ಆದರೆ ಕಣ್ಣು ತೆರೆದದ್ದು ಅವನಲ್ಲ. ಅದು ಅವಳತ್ತ ತಿರುಗಲೂ ಇಲ್ಲ. ರೆಪ್ಪೆ ಬಡಿಯದೆ, ಯಾರೋ ಬಂದು ತಡವುವುದನ್ನು ಕಾಯುವಂತೆ, ಮುಚ್ಚಿದ ಬಾಗಿಲನ್ನೇ ನೋಡುತ್ತಿತ್ತು.