ತೊಳೆಯುವ ಮುಂಚೆ ಬರೆದಿಡಿ: ಬೆಟ್ಟಿಂಗ್ ಆಪ್‌ಗೆ ಸಿಕ್ಕಿಬಿದ್ದ ಇಸ್ತ್ರಿಯಣ್ಣನ ಕಥೆ

ಆ ದಿನ ಬೆಳಿಗ್ಗೆ ನಮ್ಮ ಲಾಂಡ್ರಿಯ ಸೋಪಿನ ತೊಟ್ಟಿಯಲ್ಲಿ ಹೋಟೆಲಿನವರ ಬಿಳಿ ಮೇಜುಬಟ್ಟೆಗಳ ಜೊತೆ ಒಂದು ಮೊಬೈಲ್ ಫೋನೂ ನೆನೆಯುತ್ತಿತ್ತು.

ಅದನ್ನು ನೆನೆಹಾಕಿದವಳು ಅಂಗಡಿಯ ಒಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಫೋನು ಅವಳ ಗಂಡನದು. ಬೀದಿಯವರೆಲ್ಲ ಅವನನ್ನು ಇಸ್ತ್ರಿಯಣ್ಣ ಎಂದೇ ಕರೆಯುವುದು. ನಾನು ಯಾರು ಅಂದಿರಾ? ಅದೇ ಅಂಗಡಿಯ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹರಿದ ಬಟ್ಟೆ ಹೊಲಿಯುವವಳು, ಗುಂಡಿ ಹಾಕುವವಳು. ಕೈ ಸೂಜಿಯ ಮೇಲೆ, ಕಿವಿ ಪಕ್ಕದವರ ಮಾತಿನ ಮೇಲೆ. ಸುಳ್ಳು ಯಾಕೆ ಹೇಳಲಿ?

ಒಂದು ವರ್ಷದಿಂದ ಇಸ್ತ್ರಿಯಣ್ಣ ಗಂಜಿ ಬಾಟಲಿಗೆ ಫೋನನ್ನು ಒರಗಿಸಿಟ್ಟುಕೊಂಡೇ ಇಸ್ತ್ರಿ ಮಾಡುತ್ತಿದ್ದ. ಆಟ ನೋಡುತ್ತಾನೆ, ಪಾಪ, ಬೇಸರ ಕಳೆಯಲಿ ಎಂದುಕೊಂಡಿದ್ದೆವು. ಅವನು ನೋಡುತ್ತಿದ್ದದ್ದು ಆಟವನ್ನಲ್ಲ, ಬೆಟ್ಟಿಂಗ್ ಆಪನ್ನು. ಯಾರು ಗೆಲ್ಲುತ್ತಾರೆ, ಮುಂದಿನ ಅಂಕ ಯಾರದು, ಅದು ಎಷ್ಟು ನಿಮಿಷದಲ್ಲಿ ಬರುತ್ತದೆ, ಎಲ್ಲದರ ಮೇಲೂ ಬಾಜಿ. ಮೊದಲ ವಾರ ಗೆದ್ದ. ಆಮೇಲೆ ಅಂಗಿಗಳು ಸುಡತೊಡಗಿದವು. ಶಾಲೆಯ ಸಮವಸ್ತ್ರವೊಂದರ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಮೂಡಿದಾಗಲೂ ನಮ್ಮ ತಲೆಗೆ ಹೋಗಲಿಲ್ಲ. ಕೊನೆಗೆ ಆವಿ ಇಸ್ತ್ರಿ ಯಂತ್ರ ಮಾರುವವನು ಅಂಗಡಿಗೇ ಬಂದು, "ಮುಂಗಡ ಕಟ್ತೀವಿ ಅಂದಿದ್ರಿ, ಏನಾಯ್ತು?" ಎಂದು ಅಕ್ಕನನ್ನು ಕೇಳಿದ. ಆಗಲೇ ಇಸ್ತ್ರಿಯಣ್ಣ ಬಾಯಿಬಿಟ್ಟದ್ದು. ಆ ಯಂತ್ರಕ್ಕೆಂದು ಮೂರು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ದುಡ್ಡು ಪೂರ್ತಿ ನೀರಿನಲ್ಲಿ ಹೋಮವಾಗಿತ್ತು.

ಅಕ್ಕ ಕೂಗಾಡಲಿಲ್ಲ. ಆಪನ್ನು ಅಳಿಸಿದಳು, ಮೆಸೇಜುಗಳನ್ನೆಲ್ಲ ಅಳಿಸಿದಳು. ಆಮೇಲೂ ಸಮಾಧಾನವಾಗದೆ ಫೋನನ್ನೇ ತೊಟ್ಟಿಗೆ ಹಾಕಿದಳು. ಒಂದು ಚೀಲಕ್ಕೆ ತನ್ನ ಬಟ್ಟೆ, ಮಗಳ ಬಟ್ಟೆ ತುಂಬಿ ಇಸ್ತ್ರಿ ಮೇಜಿನ ಕೆಳಗಿಟ್ಟಳು.

"ಹೋಟೆಲಿನವರ ಗಂಟು ಕೊಟ್ಟು ಮುಗಿಸಿ ತಂಗಿ ಮನೆಗೆ ಹೋಗ್ತೀನಿ," ಎಂದಳು ನನಗೆ. "ದುಡ್ಡು ಹೋಯ್ತು, ಹೋಗ್ಲಿ. ಒಂದು ವರ್ಷ ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದ್ರಲ್ಲ. ಬಿಡ್ಬೇಕು ಅಂತ ಒಂದು ದಿನ ಆದ್ರೂ ಅನ್ನಿಸ್ಲಿಲ್ವಾ ಇವರಿಗೆ?"

ಇಸ್ತ್ರಿಯಣ್ಣ ತಲೆ ತಗ್ಗಿಸಿ ಒಂದೇ ಅಂಗಿಯನ್ನು ಮೂರನೇ ಸಲ ಇಸ್ತ್ರಿ ಮಾಡುತ್ತಿದ್ದ. ನನಗಂತೂ ಅವನ ಮೇಲೆ ಸಿಟ್ಟು, ಅವಳನ್ನು ನೋಡಿ ಸಂಕಟ. ಹುಟ್ಟಿದ ಮೇಲೆ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿ ಕೂತದ್ದು ಅದೇ ಮೊದಲು.

ಅಷ್ಟರಲ್ಲಿ ಕರಿಕೋಟಿನ ಮೇಡಂ ಬಂದರು. ಉಚಿತ ಕಾನೂನು ನೆರವು ಕೇಂದ್ರದ ವಕೀಲರು. ವಾರಕ್ಕೊಮ್ಮೆ ಕೋಟು ತರುತ್ತಾರೆ. ತೊಟ್ಟಿಯಲ್ಲಿದ್ದ ಫೋನನ್ನು ನೋಡಿ, "ಇದಕ್ಕೂ ಸೋಪು ಹಾಕ್ತೀರಾ?" ಎಂದು ನಕ್ಕರು. ನಮ್ಮ ಮುಖ ನೋಡಿ ನಗು ನಿಲ್ಲಿಸಿದರು.

ಅಕ್ಕ ಎಲ್ಲವನ್ನೂ ಹೇಳಿದಳು. ಮೇಡಂ ಹಣೆ ಚಚ್ಚಿಕೊಂಡರು.

"ನಿಮ್ಮ ಅಂಗಡಿ ನಿಯಮ ಏನಮ್ಮಾ? ಬಟ್ಟೆ ಬಂದ ಕೂಡ್ಲೇ ನೀರಿಗೆ ಹಾಕ್ತೀರಾ?"

"ಇಲ್ಲ. ಮೊದಲು ಕಲೆ ಎಲ್ಲಿದೆ ಅಂತ ನೋಡಿ ಚೀಟೀಲಿ ಬರೀತೀವಿ. ಇಲ್ದಿದ್ರೆ ನಾಳೆ ಗಿರಾಕಿ ಬಂದು ಕಲೆ ನೀವೇ ಮಾಡಿದ್ದು ಅಂತಾನೆ."

"ಮತ್ತೆ ಫೋನಲ್ಲಿದ್ದ ಸಾಕ್ಷೀನೆಲ್ಲಾ ಬರೀದೇ ತೊಳೆದುಬಿಟ್ರಲ್ಲ!"

ಅಕ್ಕನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಜೂಜಾಡಿ ಕಳೆದವನಿಗೆ ಸಾಕ್ಷಿ ಯಾಕೆ ಬೇಕು ಎಂದು ಅಕ್ಕ ಕೇಳಿದಳು.

"ಯಾಕಂದ್ರೆ ದೂರು ಕೊಡೋಕೆ ದಾರಿ ಇದೆ," ಎಂದರು ಮೇಡಂ.

ಇಸ್ತ್ರಿಯಣ್ಣ ಬೆಚ್ಚಿಬಿದ್ದ. "ಬೇಡಿ ಮೇಡಂ. ಆಡಿದ್ದು ನಾನೇ. ನನ್ನನ್ನೇ ಒಳಗೆ ಹಾಕಿದ್ರೆ?"

ನಾನೂ ಸುಮ್ಮನಿರಲಾರದೆ ಬಾಯಿ ಹಾಕಿದೆ. "ಹೌದು ಮೇಡಂ, ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ಇರೋ ಮಾನಾನೂ ಹರಾಜಿಗೆ ಇಡೋದು ಯಾಕೆ?"

"ಆ ಗಾದೆ ಕಟ್ಟಿದವರು ನಮ್ಮ ಕೇಂದ್ರ ನೋಡಿರ್ಲಿಲ್ಲ ಬಿಡಿ," ಎಂದರು ಮೇಡಂ ಸ್ಟೂಲು ಎಳೆದುಕೊಂಡು. "ನಮ್ಮಲ್ಲಿ ದುಡ್ಡು ಕೊಡೋಕೆ ಕೈಲಾಗದವರಿಗೆ ಫೀಸಿಲ್ಲ. ನೀವು ಹೇಳಿದ್ದು ನಮ್ಮಿಂದ ಹೊರಗೆ ಹೋಗಲ್ಲ. ಎಲ್ಲಾದಕ್ಕೂ ಕೋರ್ಟ್ ಮೆಟ್ಟಿಲೇ ಹತ್ತಬೇಕು ಅಂತಾನೂ ಇಲ್ಲ. ಕೆಲವು ಕಡೆ ಇಂಥ ಆಪ್‌ಗಳೇ ನಿಷೇಧ. ಕೆಲವು ಕಡೆ ಲೈಸೆನ್ಸ್ ಕೊಟ್ಟಿರ್ತಾರೆ, ಅದರ ಜೊತೆ ಷರತ್ತೂ ಹಾಕಿರ್ತಾರೆ. ಅದಕ್ಕೇ ದೂರು ಬರೆಯೋ ಮುಂಚೆ ಒಬ್ಬ ವಕೀಲರನ್ನ ಕೇಳಬೇಕು. ಈಗ ಹೇಳಿ, ನನಗೆ ನಿಲ್ಲಿಸೋಕೆ ಆಗ್ತಿಲ್ಲ, ಖಾತೆ ಮುಚ್ಚಿ ಅಂತ ಯಾವತ್ತಾದ್ರೂ ಆ ಕಂಪನಿಯವರಿಗೆ ಹೇಳಿದ್ರಾ?"

ಇಸ್ತ್ರಿಯಣ್ಣ ಮೆಲ್ಲಗೆ, "ಹೇಳಿದ್ದೆ. ಮೂರು ಸಲ," ಎಂದ.

"ಸುಳ್ಳು," ಎಂದಳು ಅಕ್ಕ.

"ಇಲ್ಲ ಕಣೇ, ನಿಜ."

"ಎಲ್ಲಿದೆ ತೋರಿಸಿ."

ಅವನು ತೊಟ್ಟಿಯ ಕಡೆ ನೋಡಿದ. ನಾವೂ ನೋಡಿದೆವು. ಫೋನಿನ ಮೇಲೆ ನೊರೆ ಕೂತಿತ್ತು.

ಅಕ್ಕ ಮುಖ ತಿರುಗಿಸಿದಳು. ಮಾತು ಬೇಡವೆಂದು ಕೆಲಸಕ್ಕೆ ಕೈ ಹಾಕಿದಳು. ಮೇಡಂ ತಂದಿದ್ದ ಕೋಟಿನ ತೋಳಿನಲ್ಲಿ ಶಾಯಿಯ ಕಲೆಯಿತ್ತು. ಅದು ಹಳೆಯದೇ, ಹೊಸದೇ ಎಂದು ನೋಡಲು ಚೀಟಿ ಪುಸ್ತಕವನ್ನು ಮೊದಲಿನಿಂದ ತಿರುವಿದಳು. ಆ ಪುಸ್ತಕದಲ್ಲಿ ಕಾರ್ಬನ್ ಹಾಳೆ ಇರುತ್ತದೆ. ಮೇಲಿನ ಚೀಟಿಯನ್ನು ಹರಿದು ಗಿರಾಕಿಗೆ ಕೊಡುತ್ತೇವೆ, ಕೆಳಗಿನ ನಕಲು ಅಂಗಡಿಯಲ್ಲೇ ಉಳಿಯುತ್ತದೆ.

ತಿರುವುತ್ತಿದ್ದ ಕೈ ಒಂದು ಕಡೆ ನಿಂತಿತು.

"ಇದೇನಿದು? ಬಟ್ಟೆ ನಂಬರೇ ಇಲ್ಲ?"

ಅವಳೇ ಗಟ್ಟಿಯಾಗಿ ಓದಿದಳು. ತಾರೀಖು ಇತ್ತು. ಅದರ ಕೆಳಗೆ, ಗಂಡನ ಗುಂಡು ಗುಂಡು ಅಕ್ಷರದಲ್ಲಿ: "ಸ್ವಾಮಿ, ನನ್ನ ಖಾತೆ ಮುಚ್ಚಿಬಿಡಿ. ನನ್ನ ಕೈಲಿ ನಿಲ್ಲಿಸೋಕೆ ಆಗ್ತಾ ಇಲ್ಲ. ಮನೇಲಿ ಗೊತ್ತಿಲ್ಲ."

ಮುಂದೆ ಒಂದು ತಿಂಗಳು ಬಿಟ್ಟು, ಎರಡು ಪರದೆ ಬಟ್ಟೆಗಳ ಚೀಟಿಯ ನಡುವೆ ಇನ್ನೊಂದು ಸಿಕ್ಕಿತು. "ಹೋದ ತಿಂಗಳೂ ಕೇಳಿದ್ದೆ. ದಯವಿಟ್ಟು ಮುಚ್ಚಿ. ಫೋನ್ ಮಾಡಿ ಕರೀಬೇಡಿ." ಮೂರನೆಯದರಲ್ಲಿ ಒಂದೇ ಸಾಲು. "ಹೆಂಡ್ತಿ ಮುಖ ನೋಡೋಕೆ ಆಗ್ತಿಲ್ಲ ಸ್ವಾಮಿ, ನನ್ನನ್ನ ಬಿಟ್ಟುಬಿಡಿ."

ಅಕ್ಕ ಪುಸ್ತಕವನ್ನು ಮೇಜಿನ ಮೇಲಿಟ್ಟು ಗಂಡನ ಕಡೆ ತಿರುಗಿದಳು.

"ನಂಗೆ ಫೋನಲ್ಲಿ ನೇರ ಟೈಪ್ ಮಾಡೋಕೆ ಬರಲ್ವಲ್ಲ," ಎಂದ ಇಸ್ತ್ರಿಯಣ್ಣ. "ಮೊದಲು ಚೀಟೀಲಿ ಬರ್ಕೊಂಡು, ಅದನ್ನ ನೋಡ್ಕೊಂಡು ಒಂದೊಂದೇ ಅಕ್ಷರ ಒತ್ತಿ ಕಳಿಸ್ತಿದ್ದೆ. ಮೇಲಿನ ಚೀಟಿ ಹರಿದು ಒಲೆಗೆ ಹಾಕ್ದೆ. ಕೆಳಗೆ ಕಾರ್ಬನ್ ಇದೆ ಅನ್ನೋದು ಮರ್ತೇ ಹೋಗಿತ್ತು."

ಇಪ್ಪತ್ತು ವರ್ಷ ಅಂಥದೇ ಪುಸ್ತಕದಲ್ಲಿ ಬರೆದವನು ಕಾರ್ಬನ್ ಮರೆತನಂತೆ! ನನಗೆ ನಗು ಬಂತು, ಅಳುವೂ ಬಂತು.

"ಅವರೇನು ಉತ್ತರ ಕೊಟ್ರು?" ಎಂದು ಕೇಳಿದರು ಮೇಡಂ.

"ಮೊದಲ ಸಲ, ಬೇಜಾರಾಗ್ಬೇಡಿ, ಇಗೋ ಉಚಿತ ಬಾಜಿ ಅಂತ ಕೊಟ್ರು. ಆಮೇಲೆ ಒಬ್ಬ ಫೋನ್ ಮಾಡೋಕೆ ಶುರು ಮಾಡ್ದ. ಪಂದ್ಯ ಶುರುವಾಗೋ ಹೊತ್ತಿಗೆ ಸರಿಯಾಗಿ. ಅಣ್ಣಾ ಊಟ ಆಯ್ತಾ, ಮಗಳು ಹೇಗಿದ್ದಾಳೆ ಅಂತ. ನನ್ನ ತಮ್ಮ ಕೂಡ ಅಷ್ಟು ವಿಚಾರಿಸಲ್ಲ ಮೇಡಂ."

ಮೇಡಂ ಎದ್ದು ನಿಂತರು. "ನೋಡಿ, ಆಡಿದ್ದು ನಿಮ್ಮ ತಪ್ಪೇ, ಅದನ್ನ ಒಪ್ಪಿಕೊಳ್ಳಿ. ಆದ್ರೆ ಸಾಕು ಬಿಡಿ ಅಂತ ಕೈ ಮುಗಿದವನಿಗೆ ಆಸೆ ತೋರಿಸಿ ಮತ್ತೆ ಎಳೆದ್ರಲ್ಲ, ಅದು ನಿಮ್ಮ ತಪ್ಪಲ್ಲ. ಅದನ್ನೇ ನಾವು ಕೇಳೋದು. ಈ ಪುಸ್ತಕಾನ ಭದ್ರವಾಗಿಡಿ. ಒಂದು ಹಾಳೇನೂ ಹರೀಬೇಡಿ."

"ಫೋನು ಹೋಯ್ತಲ್ಲ ಮೇಡಂ?" ಎಂದಳು ಅಕ್ಕ. "ನಾನೇ ಹಾಳು ಮಾಡ್ದೆ."

"ಫೋನು ಹೋದ್ರೆ ಎಲ್ಲಾ ಹೋಗಲ್ಲ. ದುಡ್ಡು ಹೋಗಿದ್ದಕ್ಕೆ ಬ್ಯಾಂಕಲ್ಲಿ ಲೆಕ್ಕ ಸಿಗುತ್ತೆ. ಮಾತುಕತೆ ಕಂಪನಿ ಹತ್ರಾನೇ ಇರಬೇಕು. ಈ ಮೂರು ತಾರೀಖು ಹಾಕಿ, ನನ್ನ ಖಾತೆ ವಿವರ, ಮೆಸೇಜು, ಎಲ್ಲಾ ಕೊಡಿ ಅಂತ ಕಾಗದ ಬರೆಯೋಣ. ಅದೇ ಕಾಗದದಲ್ಲಿ ಖಾತೆ ಶಾಶ್ವತವಾಗಿ ಮುಚ್ಚಿ ಅಂತಾನೂ ಕೇಳೋಣ. ಅವರು ಜಗ್ಗದಿದ್ರೆ ಗ್ರಾಹಕರ ದೂರು ಕೇಳೋ ಕಡೆ ಹೋಗೋಣ. ಅವರಿಗೆ ಲೈಸೆನ್ಸ್ ಕೊಟ್ಟ ಕಚೇರಿ ಇದ್ರೆ ಅಲ್ಲಿಗೂ ಬರೆಯೋಣ. ಲೈಸೆನ್ಸೇ ಇಲ್ಲದ ಆಪ್ ಆದ್ರೆ ಪೊಲೀಸರ ಸೈಬರ್ ವಿಭಾಗ ಇದೆ. ಪರಿಹಾರ ಕೇಳಿ ಕೇಸೂ ಹಾಕಬಹುದು. ಆದ್ರೆ ಇದಕ್ಕೆಲ್ಲಾ ಗಡುವು ಇರುತ್ತೆ, ನಾಚಿಕೆ ಅಂತ ಕೂತ್ರೆ ಗಡುವು ಕಾಯಲ್ಲ. ದುಡ್ಡು ಬಂದೇ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಪ್ರಯತ್ನ ಮಾಡ್ತೀನಿ ಅಂತ ಮಾತು ಕೊಡ್ತೀನಿ."

ಆಮೇಲೆ ಇಸ್ತ್ರಿಯಣ್ಣನ ಕಡೆ ತಿರುಗಿ, "ಇವತ್ತೇ ಬ್ಯಾಂಕಿಗೆ ಹೋಗಿ ಇಂಥ ಆಪ್‌ಗಳಿಗೆ ದುಡ್ಡು ಹೋಗದ ಹಾಗೆ ತಡೆ ಹಾಕೋಕೆ ಆಗುತ್ತಾ ಕೇಳಿ. ಆಸ್ಪತ್ರೇಲಿ ಚಟ ಬಿಡಿಸೋ ವಿಭಾಗಕ್ಕೂ ಹೋಗಿ. ಇದು ಕಾಯಿಲೆ ಥರಾನೇ, ಚಿಕಿತ್ಸೆ ಬೇಕು," ಎಂದರು.

ಅಕ್ಕ ಆ ದಿನ ತಂಗಿ ಮನೆಗೆ ಹೋಗಲಿಲ್ಲ. ಆದರೆ ಚೀಲವೂ ಮೇಜಿನ ಕೆಳಗಿಂದ ಅಲುಗಲಿಲ್ಲ. ದಿನವೂ ಅಂಗಡಿ ಬಾಗಿಲು ತೆಗೆದ ಕೂಡಲೇ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಇಸ್ತ್ರಿಯಣ್ಣನದೂ ಅಲ್ಲಿಗೇ.

ನಡುವೆ ನಾನೂ ಒಂದು ಎಡವಟ್ಟು ಮಾಡಿದೆ. ಬೀದಿಯ ಗೋಡೆಗೆ ಅಂಟಿಸಿದ್ದ ಜಾಹೀರಾತಿನ ಚೀಟಿಯೊಂದನ್ನು ಕಿತ್ತು ತಂದೆ. "ಆಪ್‌ನಲ್ಲಿ ಕಳೆದ ಹಣ ಹತ್ತೇ ದಿನದಲ್ಲಿ ವಾಪಸ್, ಸ್ವಲ್ಪ ಮುಂಗಡ ಸಾಕು" ಎಂದಿತ್ತು. ಮೇಡಂ ಅದನ್ನು ಓದಿ, "ಹಾವಿನ ಬಾಯಿಂದ ಬಿಡಿಸಿಕೊಂಡವರನ್ನ ಹುಲಿ ಬಾಯಿಗೆ ಕೊಡ್ತೀರಲ್ಲ ನೀವು. ಸೋತವರನ್ನ ಮತ್ತೆ ಸುಲಿಯೋರು ಇವರು," ಎಂದು ಗದರಿದರು. ಎರಡು ದಿನ ನಾನು ಸೂಜಿಯ ಕಣ್ಣು ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಮೊದಲ ಕಾಗದಕ್ಕೆ ಉತ್ತರವೇ ಬರಲಿಲ್ಲ. ಮೇಡಂ ವಕೀಲರ ನೋಟಿಸು ಕಳಿಸಿದರು. ಏಳನೇ ವಾರ ದಪ್ಪ ಲಕೋಟೆಯೊಂದು ಬಂತು. ಮೇಡಂ ಅದನ್ನು ಅಂಗಡಿಗೇ ತಂದು ಮೇಜಿನ ಮೇಲೆ ಹರಡಿದರು. ಖಾತೆ ಶಾಶ್ವತವಾಗಿ ಮುಚ್ಚಿದ್ದೇವೆ ಎಂದು ಮೊದಲ ಹಾಳೆಯಲ್ಲಿತ್ತು. ನಂತರ ಹಳೆಯ ಮಾತುಕತೆ. ಅಕ್ಕ ಚೀಟಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಬೆರಳಿಟ್ಟು ಓದುತ್ತಾ ಹೋದಳು. "ಸ್ವಾಮಿ, ನನ್ನ ಖಾತೆ ಮುಚ್ಚಿಬಿಡಿ." ಅಕ್ಷರ ಅಕ್ಷರವೂ ಹೊಂದಿತು. ಅದರ ಕೆಳಗೇ ಕಂಪನಿಯ ಉತ್ತರ: "ನಿಮಗಾಗಿ ವಿಶೇಷ ಕೊಡುಗೆ! ಇಂದಿನ ಪಂದ್ಯಕ್ಕೆ ಮೂರು ಉಚಿತ ಬಾಜಿ!"

ಅಕ್ಕ ಆ ಹಾಳೆಯನ್ನು ಮಡಚಿ ಚೀಟಿ ಪುಸ್ತಕದೊಳಗಿಟ್ಟಳು. ಆಮೇಲೆ ಬಗ್ಗಿ ಮೇಜಿನ ಕೆಳಗಿದ್ದ ಚೀಲವನ್ನು ಎಳೆದಳು. ಹೊರಟೇಬಿಟ್ಟಳು ಎಂದುಕೊಂಡೆ. ಅವಳು ಚೀಲವನ್ನು ಮೇಜಿನ ಮೇಲೆ ಸುರಿದಳು. ಏಳು ವಾರ ಮುದುಡಿ ಬಿದ್ದಿದ್ದ ತನ್ನ ಬಟ್ಟೆ, ಮಗಳ ಬಟ್ಟೆ.

"ಇದನ್ನೆಲ್ಲಾ ಇಸ್ತ್ರಿ ಮಾಡಿ," ಎಂದಳು ಗಂಡನಿಗೆ. "ಮತ್ತೆ ಒಂದನ್ನಾದ್ರೂ ಸುಟ್ರೆ ನೋಡಿ."

ಒಂದನ್ನೂ ಸುಡಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಲೇ ಮಾಡಿದ, ಆದರೂ ಮಡಿಕೆ ನೆಟ್ಟಗಿತ್ತು.

ಎರಡು ತಿಂಗಳ ನಂತರ ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ ರಾಜಿ ಮಾತುಕತೆ ನಡೆಯಿತು. ಮೊದಲ ಚೀಟಿಯ ತಾರೀಖಿನ ನಂತರ ಹೋದ ಹಣದಲ್ಲಿ ಒಂದು ಪಾಲು ವಾಪಸ್ ಬಂತು. ಎಲ್ಲವೂ ಬರಲಿಲ್ಲ. ಆವಿ ಇಸ್ತ್ರಿ ಯಂತ್ರಕ್ಕೆ ಇನ್ನೂ ಕಾಯಬೇಕು. ಇಸ್ತ್ರಿಯಣ್ಣ ಪ್ರತಿ ಮಂಗಳವಾರ ಆಸ್ಪತ್ರೆಗೆ ಹೋಗಿ ಬರುತ್ತಾನೆ. ಹೊಸ ಫೋನು ಕೊಂಡಿಲ್ಲ. ಗಂಜಿ ಬಾಟಲಿಗೆ ಈಗ ಒರಗಿಸಿಟ್ಟಿರುವುದು ಸಣ್ಣ ರೇಡಿಯೊ. ಅದರ ಜೊತೆ ಅವನೂ ಹಾಡುತ್ತಾನೆ. ಕಂಠ ಕೇಳಬೇಡಿ, ನಾನು ಮಾತ್ರ ಅನುಭವಿಸುತ್ತಿದ್ದೇನೆ. ಆದರೂ ಆ ಹಾಡು ಕೇಳಿದರೆ ನನಗೆ ಮನಸ್ಸು ಹಗುರವಾಗುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಓದುತ್ತಿರುವವರಲ್ಲಿ ಯಾರೋ ಒಬ್ಬರ ಜೇಬಿನಲ್ಲಿ ಅಂಥದೇ ಆಪ್ ಇದೆ. ಇಲ್ಲವೇ ಮನೆಯವರ ಜೇಬಿನಲ್ಲಿದೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳಬೇಡಿ, ಬೈಯಲು ಬಂದವಳಲ್ಲ ನಾನು. ಇವತ್ತೇ ಆಟ ನಿಲ್ಲಿಸಿ. ಆದರೆ ಸಿಟ್ಟಿನಲ್ಲಿ, ನಾಚಿಕೆಯಲ್ಲಿ ಏನನ್ನೂ ಅಳಿಸಬೇಡಿ. ಮೆಸೇಜು, ಕರೆ, ಬ್ಯಾಂಕಿನ ಲೆಕ್ಕ, ಎಲ್ಲವನ್ನೂ ತೆಗೆದಿಡಿ. "ಖಾತೆ ಮುಚ್ಚಿ" ಎಂದು ಬರವಣಿಗೆಯಲ್ಲೇ ಕೇಳಿ, ನಕಲು ಇಟ್ಟುಕೊಳ್ಳಿ. ಹತ್ತಿರದ ಉಚಿತ ಕಾನೂನು ನೆರವು ಕೇಂದ್ರದ ಬಾಗಿಲು ತಟ್ಟಿ. ಮುಂಗಡ ಕೇಳುವವರ ಹತ್ತಿರ ಸುಳಿಯಬೇಡಿ. ಚಟಕ್ಕೆ ವೈದ್ಯರಿದ್ದಾರೆ, ಅನ್ಯಾಯಕ್ಕೆ ಕಾನೂನಿದೆ.

ಮನೆಯವರಿಗೂ ಒಂದು ಮಾತು. ಚೀಲ ಕಟ್ಟುವ ಮುಂಚೆ ಒಂದು ಸಲ ಕೇಳಿ: "ಬಿಡಬೇಕು ಅಂತ ಯಾವತ್ತಾದ್ರೂ ಅನ್ನಿಸಿತ್ತಾ?" ಉತ್ತರ ಎಲ್ಲೋ ಒಂದು ಕಡೆ ಬರೆದಿಟ್ಟಿರಬಹುದು.