ಕೊಟ್ಟಿಗೆಯ ಗರಗಸಗಳು

ಬಸಂತರಾಯನ ಕೊಟ್ಟಿಗೆಯಲ್ಲಿ ದನದ ವಾಸನೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಈಗ ಅಲ್ಲಿ ಸುಟ್ಟ ಎಣ್ಣೆಯ ವಾಸನೆ. ಗೋದಲಿಯ ಉದ್ದಕ್ಕೂ ಮರ ಕೊಯ್ಯುವ ಹಳೆಯ ಯಂತ್ರದ ಗರಗಸಗಳು ಸಾಲಾಗಿ ಮಲಗಿದ್ದವು. ಕೆಲವಕ್ಕೆ ಸರಪಳಿ ಇರಲಿಲ್ಲ, ಕೆಲವಕ್ಕೆ ಹಿಡಿಕೆ ಇರಲಿಲ್ಲ. ಒಂದಕ್ಕಂತೂ ಹೊಟ್ಟೆಯೊಳಗೆ ಏನೂ ಇರಲಿಲ್ಲ, ಬರೀ ಹೊರಗಿನ ಚಿಪ್ಪು. ಮುದ್ದೇಬಿಹಾಳದ ಆ ಓಣಿಯವರು ಕೊಟ್ಟಿಗೆಗೆ ದವಾಖಾನೆ ಎಂದು ಹೆಸರಿಟ್ಟಿದ್ದರು. ಗೋಡೆಯಾಚೆಯ ಮನೆಯ ದಾವಲಬಿ ಆಗಾಗ ಇಣುಕಿ ಕೇಳುತ್ತಿದ್ದಳು: "ಕಾಕಾ, ನಿಮ್ಮ ದವಾಖಾನ್ಯಾಗ ಒಬ್ಬರರ ನೆಟ್ಟಗಾಗಿ ಮನಿಗಿ ಹೋಗ್ಯಾರೇನ್ರಿ?"

ಹೊಳೆಗೆ ಅಣೆಕಟ್ಟು ಕಟ್ಟಿ ಹಿನ್ನೀರು ಏರುವ ಮೊದಲು ದಂಡೆಯ ಊರುಗಳ ಗಿಡಮರ ಕಡಿಸುವ ಕೆಲಸ ನಡೆದಾಗ ಬಸಂತರಾಯ ಒಂದು ತಂಡಕ್ಕೆ ಮುಕಾದಮನಾಗಿದ್ದ. ಬೇವು, ಹುಣಸೆ, ಜಾಲಿ ಎಲ್ಲ ಮಲಗಿದವು. ಗುತ್ತಿಗೆದಾರರು ಎಲ್ಲೆಲ್ಲಿಂದಲೋ ಪರದೇಶದ ಹಳೆಯ ಯಂತ್ರಗಳನ್ನು ತಂದಿದ್ದರು. ಕೆಲಸ ಮುಗಿದಾಗ ನಡೆಯುವವನ್ನು ಒಯ್ದರು, ಕೆಟ್ಟವನ್ನು ಅಲ್ಲೇ ಬಿಟ್ಟರು. ಊರು ಬಿಡುತ್ತಿದ್ದ ಜನ ತೊಲೆ, ಬಾಗಿಲು, ಬೀಸುವ ಕಲ್ಲು ಹೊತ್ತುಕೊಂಡು ಹೋದರು. ಬಸಂತರಾಯ ಕೆಟ್ಟ ಯಂತ್ರಗಳನ್ನು ಹೊತ್ತುಕೊಂಡು ಬಂದ. ಯಾಕೆ ಎಂದು ಕೇಳಿದವರಿಗೆ, "ನೀರಾಗ ಬಿಟ್ಟ ಬರೂದು ಹೆಂಗ" ಅನ್ನುತ್ತಿದ್ದ.

ಆಮೇಲೆ ಅವನು ಊರಿನ ಒಂದು ಕಟ್ಟಿಗೆ ಅಡ್ಡೆಯಲ್ಲಿ ಗರಗಸದ ಹಲ್ಲು ಮಸೆಯುವ ಕೆಲಸಕ್ಕೆ ಸೇರಿದ. ಸಂಜೆ ಬಂದು ಕೊಟ್ಟಿಗೆಯಲ್ಲಿ ಕೂರುತ್ತಿದ್ದ. ಸಣ್ಣ ಯಂತ್ರಗಳಲ್ಲಿ ಕೆಲವು ಒಮ್ಮೊಮ್ಮೆ ಕೆಮ್ಮಿ ಸುಮ್ಮನಾಗುತ್ತಿದ್ದವು. ಆದರೆ ಅವನ ಮನಸ್ಸಿದ್ದದ್ದು ದೊಡ್ಡದೊಂದರ ಮೇಲೆ. ಕೆಂಪು ಬಣ್ಣ ಮಾಸಿದ, ಒಬ್ಬನಿಗೆ ಎತ್ತಲಿಕ್ಕೂ ಭಾರವಾದ ಜರ್ಮನಿಯ ಯಂತ್ರ ಅದು. ಬೇರೆಲ್ಲ ಭಾಗ ಗಟ್ಟಿಯಿದ್ದವು. ಒಳಗಿನ ಪಿಸ್ಟನ್ನಿನ ನೆತ್ತಿಗೆ ಮಾತ್ರ ತೂತು ಬಿದ್ದಿತ್ತು. ಅಂಥ ಪಿಸ್ಟನ್ನು ಈಗ ಯಾರೂ ಮಾಡುವುದಿಲ್ಲ. ಸತ್ತ ಇನ್ನೊಂದು ಯಂತ್ರ ಸಿಕ್ಕರೆ ಅದರ ಹೊಟ್ಟೆಯಿಂದಲೇ ತೆಗೆಯಬೇಕು.

ಆ ವರ್ಷದ ಮಳೆಗಾಲದಲ್ಲಿ ಹೆಂಡತಿ ಚನ್ನವ್ವ ಮಾತು ತೆಗೆದಳು. ತಂಗಡಗಿಯಲ್ಲಿರುವ ಅವಳ ತಂಗಿ ಒಂದು ಗಬ್ಬದ ಎಮ್ಮೆ ಕೊಡುತ್ತೇನೆ ಎಂದಿದ್ದಳು.

"ಎಮ್ಮಿ ಬಂದ್ರ ಎಲ್ಲಿ ಕಟ್ಟಲಿ? ನಿಮ್ಮ ತಲಿ ಮ್ಯಾಲೇನು?"

"ಅಂಗಳದಾಗ ಕಟ್ಟು."

"ಈಯೋ ಎಮ್ಮಿನ ಮಳ್ಯಾಗ ಕಟ್ಟಿ, ಈ ಹೆಣಗೋಳಿಗೆ ಮಾಳಗಿ ಕೊಡೂದು. ಊರಾಗ ಯಾರರ ಕೇಳಿದ್ರ ಉಗಳತಾರ."

ಬಸಂತರಾಯ ಕೆಂಪು ಯಂತ್ರದ ಬೆನ್ನಿನ ಧೂಳನ್ನು ಅಂಗೈಯಿಂದ ಒರೆಸಿದ. ಆಮೇಲೆ ಅಂದ: "ಮಹಾನವಮಿ ಖಂಡೇಪೂಜಿ ತನಕ ತಡಿ. ಅಷ್ಟರಾಗ ಈ ದೊಡ್ಡದು ಮಾತಾಡಲಿಲ್ಲಂದ್ರ ಎಲ್ಲಾ ಗುಜರಿಗಿ ಹಾಕತೇನಿ. ಎಮ್ಮಿ ಬರಲಿ."

"ಮಾತಾಡಿದ್ರ?"

"ಮಾತಾಡಿದ್ರ ನೀ ಎಮ್ಮಿ ಸುದ್ದಿ ತಗೀಬಾರದು."

"ಲಿಂಗದ ಆಣಿ?"

"ಲಿಂಗದ ಆಣಿ."

ಅಂದಿನಿಂದ ಅವನಿಗೆ ರಜೆಯ ದಿನ ಎಂಬುದು ಬಸ್ಸಿನ ದಿನವಾಯಿತು. ತೂತು ಬಿದ್ದ ಪಿಸ್ಟನ್ನನ್ನು ಅಳತೆಗೆಂದು ಕೈಚೀಲದಲ್ಲಿ ಹಾಕಿಕೊಂಡು ಇಂಡಿಗೆ ಹೋದ. ಅಲ್ಲಿಯ ಗುಜರಿಯವನು ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, "ಯಾರ ತಲಿಬುರುಡಿ ತಂದೀರಿ ಇದು?" ಎಂದು ನಕ್ಕ. ಒಂದು ಚೀಲದ ತುಂಬ ಹಳೆಯ ಪಿಸ್ಟನ್ನುಗಳನ್ನು ನೆಲಕ್ಕೆ ಸುರಿದು, ಹುಡುಕಿಕೊಳ್ಳಿರಿ ಎಂದ. ಬಸಂತರಾಯ ಮಧ್ಯಾಹ್ನದವರೆಗೂ ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೂ ಅಳೆದ. ಎಲ್ಲ ಮೊಪೆಡ್ಡಿನವು. ಏಳುವಾಗ ಮೊಣಕಾಲು ಹಿಡಿದುಕೊಂಡವು. ಬಾಗೇವಾಡಿಯಲ್ಲಿ ಹೊಲಕ್ಕೆ ಔಷಧ ಹೊಡೆಯುವ ಪಂಪು ರಿಪೇರಿ ಮಾಡುವವನೊಬ್ಬ ತನ್ನಲ್ಲಿದ್ದ ಪಿಸ್ಟನ್ನು ತೋರಿಸಿ ತಾನೇ ತಲೆಯಾಡಿಸಿದ: "ಇದನ್ನ ಅದರಾಗ ಹಾಕಿದ್ರ ಜ್ವಾಳ ತುಂಬೂ ಹಗೇವಿನ್ಯಾಗ ಸವತಿಕಾಯಿ ಒಗದಂಗ ಆಗತೈತ್ರಿ." ತಿರುಗಿ ಬರುವಾಗ ಬಸ್ಸಿನಲ್ಲಿ ಕೂರಲು ಜಾಗ ಇರಲಿಲ್ಲ.

ಸಿಂದಗಿಯಲ್ಲಿ ಜೈನುದ್ದೀನನ ಲೇತ್ ಅಂಗಡಿ ಇತ್ತು. ಗಿಡ ಕಡಿಯುವ ಕಾಲದಲ್ಲಿ ತಂಡದ ಯಂತ್ರಗಳನ್ನು ಅವನೇ ನೋಡಿಕೊಳ್ಳುತ್ತಿದ್ದ; ಅಂದಿನಿಂದ ಇಬ್ಬರಿಗೂ ಗೆಳೆತನ.

"ಬಸಂತಣ್ಣ, ನಾ ಲೇತಿನ ಮ್ಯಾಲ ಎಲ್ಲಾ ಕಡದು ಕೊಡತೇನಿ, ಇದೊಂದು ನನ್ನಿಂದ ಆಗೂದಿಲ್ಲ" ಎಂದ ಜೈನುದ್ದೀನ. "ಆದ್ರ ಒಂದು ಮಾತು. ನನ್ನ ಮಾವನ ಮನಿ ಯಂಕಂಚಿ. ಮೊನ್ನಿ ಹೋದಾಗ ನೋಡೇನಿ, ಒಬ್ಬ ಮುದುಕಿ ಮನಿ ತಗಡಿನ ಮ್ಯಾಲ ಇಂಥಾದ ಒಂದು ಕುಂತೈತಿ."

"ತಗಡಿನ ಮ್ಯಾಲ ಯಾಕ?"

"ಗಾಳಿಗಿ ತಗಡ ಹಾರಬಾರದಂತ."

ಅದೇ ದಿನ ಹೋದರು. ಮುದುಕಿಯ ಹೆಸರು ಶೇವಂತೆವ್ವ. ಅವಳ ತಮ್ಮ ಒಂದು ಕಾಲಕ್ಕೆ ಹೊಳೆಸಾಲಿನಲ್ಲಿ ಗಿಡ ಕೊಯ್ಯಲು ಹೋಗಿದ್ದವನು ಅದನ್ನು ತಂದು ಹಾಕಿದ್ದನಂತೆ. ಅಲಗು, ಸರಪಳಿ ಎಲ್ಲ ಎಂದೋ ಹೋಗಿ ಈಗ ಉಳಿದದ್ದು ಬರೀ ಮುದ್ದೆ. ಹಕ್ಕಿಗಳು ಹೇತು ಬೆಳ್ಳಗಾಗಿತ್ತು. ಬಸಂತರಾಯ ಕೆಳಗೆ ನಿಂತೇ ಅದರ ಬೆನ್ನಿನ ಉಬ್ಬು ನೋಡಿ ಗುರುತು ಹಿಡಿದ. ಕೆಂಪು ಯಂತ್ರದ ಒಡಹುಟ್ಟು.

"ಕೊಡೂದಿಲ್ಲ" ಎಂದಳು ಶೇವಂತೆವ್ವ.

"ಆಯೀ, ಅದು ನಿನಗ ಏನ ಉಪಯೋಗ?"

"ಕುಂತೈತಲ್ಲ. ಕುಂದ್ರೂದ ಅದರ ಕೆಲಸ. ನೀ ಒಯ್ದು, ನಾಳೆ ತಗಡ ಹಾರಿದ್ರ ನೀ ಬಂದ ಮ್ಯಾಲ ಕುಂದರತಿಯೇನು?"

ಜೈನುದ್ದೀನ ನಗು ತಡೆಯಲಾರದೆ ಅತ್ತ ತಿರುಗಿದ. ಕೊನೆಗೆ ಅಷ್ಟೇ ತೂಕದ ಕಲ್ಲು ತಂದು ಅದೇ ಜಾಗದಲ್ಲಿ ಇಟ್ಟರೆ ಒಯ್ಯಬಹುದು ಎಂದು ತೀರ್ಮಾನವಾಯಿತು. ಕರಿಮಣ್ಣಿನ ಸೀಮೆ, ಬೇಕೆಂದಲ್ಲಿ ಕಲ್ಲು ಸಿಗುವುದಿಲ್ಲ. ಹಳ್ಳದವರೆಗೆ ಹೋಗಿ ಇಬ್ಬರೂ ಒಂದು ಕಲ್ಲನ್ನು ಸರದಿಯ ಮೇಲೆ ಹೊತ್ತು ತಂದರು. ಶೇವಂತೆವ್ವ ಅದನ್ನು ಕಾಲಿನಿಂದ ಒತ್ತಿ ನೋಡಿ, "ಇದು ಹಗುರ ಐತಿ" ಅಂದಳು. ಮತ್ತೊಂದು ತಂದರು. ಬಸಂತರಾಯ ನಿಚ್ಚಣಿಕೆ ಹತ್ತಿ ಕಲ್ಲಿಟ್ಟು ಯಂತ್ರ ಇಳಿಸಿದ.

ಅದರ ಪಿಸ್ಟನ್ನು ಹುಷಾರಾಗಿತ್ತು. ತುಕ್ಕಿಗೆ ಅಂಟಿದ್ದ ರಿಂಗನ್ನು ಜೈನುದ್ದೀನ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಉಗುರಿನಿಂದ ಎಬ್ಬಿಸುವ ಹಾಗೆ ಮೆಲ್ಲಗೆ ಬಿಡಿಸಿದ. ಹಬ್ಬದ ಮುನ್ನಾದಿನ ಬಸಂತರಾಯ ಕೊಟ್ಟಿಗೆಯಲ್ಲಿ ಕೂತು ಎಲ್ಲ ಜೋಡಿಸಿದ. ಕಿಡಿ ಹಾರಿಸುವ ಪ್ಲಗ್ಗನ್ನು ಮಾತ್ರ ಹಾಕಲಿಲ್ಲ. ಆ ತೂತಿನಿಂದ ಎಣ್ಣೆ ಬಿಟ್ಟು, ಒಳಗೆಲ್ಲ ಇಳಿಯಲಿ ಎಂದು ಬಾಯಿಗೆ ಅರಿವೆ ತುರುಕಿಟ್ಟ.

ಮಹಾನವಮಿಯ ಬೆಳಿಗ್ಗೆ ಅಡ್ಡೆಯಲ್ಲಿ ಪೂಜೆ ಮುಗಿಸಿ, ಬಸ್ಸಿಳಿದ ಜೈನುದ್ದೀನನನ್ನು ಕರೆದುಕೊಂಡು ಬಂದಾಗ ಬಸಂತರಾಯ ಕೊಟ್ಟಿಗೆಯ ಹೊಸ್ತಿಲಲ್ಲಿ ನಿಂತುಬಿಟ್ಟ. ಪ್ರತಿ ವರ್ಷ ಚನ್ನವ್ವ ಕುಡುಗೋಲು, ಕೊಡಲಿ, ಬೀಸುವ ಕಲ್ಲಿಗೆಲ್ಲ ಪೂಜೆ ಮಾಡಿ ಕೊಟ್ಟಿಗೆಯ ಬಾಗಿಲಿಗೆ ಬಂದು ಹಿಂದಿರುಗುತ್ತಿದ್ದಳು. ಈ ಸಲ ನೆಲ ಸಾರಿಸಿದ್ದಳು. ಒಂದೊಂದು ಯಂತ್ರವನ್ನೂ ಒರೆಸಿ ಮೂರು ಬೆರಳಿನ ವಿಭೂತಿ ಎಳೆದು ಚೆಂಡು ಹೂ ಇಟ್ಟಿದ್ದಳು. ಹೊಟ್ಟೆ ಇಲ್ಲದ ಚಿಪ್ಪಿಗೂ ಇಟ್ಟಿದ್ದಳು.

"ಇವಕ್ಕೂ ಮಾಡಿದೇನು?"

"ಇವತ್ತ ಇವುಗಳ ಕಡೀ ದಿನ ಆದ್ರೂ ಆಗಬಹುದಲ್ರಿ. ಇರ್ಲಿ ಅಂತ ಮಾಡಿದೆ."

ಬಸಂತರಾಯ ಹೂಗಳನ್ನೇ ನೋಡಿಕೊಂಡು ಒಳಗೆ ಬಂದ. ಅರಿವೆ ತೂತಿನಲ್ಲಿ ಇಲ್ಲದ್ದು ಅವನ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಹೂವನ್ನು ಪಕ್ಕಕ್ಕಿಟ್ಟು, ಪ್ಲಗ್ಗು ತಿರುಗಿಸಿ, ಪೆಟ್ರೋಲು ಹಾಕಿ, ಯಂತ್ರವನ್ನು ಪಾದದಿಂದ ಒತ್ತಿ ಹಿಡಿದು ಹಗ್ಗ ಎಳೆದ. ಏನೂ ಇಲ್ಲ. ಎಳೆಯುತ್ತ ಹೋದ. ಸೋತಾಗ ಜೈನುದ್ದೀನ ಎಳೆದ. ಮತ್ತೆ ಇವನು. ಒಮ್ಮೆ ಬುಸ್ಸೆಂದಿತು. ಮರುಸಲ ಕೊಟ್ಟಿಗೆಯೇ ಒಡೆಯುವ ಹಾಗೆ ಅದು ಗರ್ಜಿಸಿತು. ನೀಲಿ ಹೊಗೆ ಜಂತಿಗೆ ಮುಟ್ಟಿತು. ಹೊರಗೆ ನಾಯಿಗಳು ಬೊಗಳತೊಡಗಿದವು. ಚನ್ನವ್ವ ಸೆರಗಿನಿಂದ ಕಿವಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ನಗುವಿತ್ತು.

ಆ ಸದ್ದು ದಪ್ಪಗಾಯಿತು. ಕಲ್ಲು ಅಗಿದ ಹಾಗೆ ಒಂದು ಕರಕರ. ಯಂತ್ರ ನಿಂತಿತು. ಬಸಂತರಾಯ ಹಗ್ಗ ಎಳೆದರೆ ಹಗ್ಗ ಅಲ್ಲಾಡಲಿಲ್ಲ.

ಇಬ್ಬರೂ ಕೂಡಿ ಯಂತ್ರ ಬಿಚ್ಚಿದರು. ಒಳಗೆ ಬೂದುಬಣ್ಣದ ರಾಡಿ ಹತ್ತಿತ್ತು. ಪಿಸ್ಟನ್ನಿನ ಮೈಮೇಲೆ ಬೆಕ್ಕು ಪರಚಿದಂಥ ಗೀರುಗಳು. ಜೈನುದ್ದೀನ ರಾಡಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದ, ಮೂಸಿದ. ಆಮೇಲೆ ತಲೆ ಎತ್ತದೆ ಕೇಳಿದ:

"ವೈನಿ, ಈ ತೂತಿನ್ಯಾಗ ಏನರ ಹಾಕೀರೇನ್ರಿ?"

"ಹಾಕೇನಿ" ಎಂದಳು ಚನ್ನವ್ವ. "ಅರಬಿ ಹೊಲಸಿತ್ತು, ತಗದು ಒಗದೆ. ನೋಡಿದ್ರ ಬಾಯಿ ತಗದು ಕುಂತಿತ್ತು. ಮಠದ ಅಜ್ಜಾರು ಕೊಟ್ಟ ವಿಭೂತಿ ಒಂದು ಚಿಟಿಕಿ ಹಾಕಿದೆ. ಜಡ್ಡಾದ ಕೂಸಿನ ಬಾಯಾಗ ಹಾಕೂದಿಲ್ಲೇನು?"

ಜೈನುದ್ದೀನ ಬಸಂತರಾಯನ ಮುಖ ನೋಡಿದ. ಎಣ್ಣೆಯಲ್ಲಿ ಬೂದಿ ಕಲಸಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಉಕ್ಕು ತಿಕ್ಕಿ ಸವೆಸಲು ಅಂಥದ್ದನ್ನೇ ಬಳಸುತ್ತಾರೆ.

"ನಾನರ ಒಳಗ ನೋಡಬೇಕಿತ್ತು" ಎಂದ ಬಸಂತರಾಯ. "ಹೂ ನೋಡಿಕೋತ ನಿಂತೆ."

ಚನ್ನವ್ವನಿಗೆ ಈಗ ತಿಳಿಯಿತು. ಅವಳ ಮುಖ ಮೊದಲು ಬಾಡಿತು, ಆಮೇಲೆ ಕೆಂಪಾಯಿತು.

"ಇಷ್ಟ ದೊಡ್ಡ ಕಬ್ಬಿಣ. ಹುಣಸಿಗಿಡ ಕೊಯ್ಯೂವಂಥಾದ್ದು. ಚಿಟಿಕಿ ವಿಭೂತಿಗಿ ಸತ್ತಿತಂದ್ರ ಇದೆಂಥಾ ಶೂರ?"

ಜೈನುದ್ದೀನನಿಗೆ ನಗು ಬಂತು. ಬಸಂತರಾಯನಿಗೂ ಬಂತು, ನಗುತ್ತ ನಗುತ್ತ ಅವನು ಗೋದಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ. ಕೂತ ಮೇಲೆ ಏಳುವುದು ಬೇಡ ಅನ್ನಿಸಿತು. ಇಂಡಿಯ ಗುಜರಿ, ಬಾಗೇವಾಡಿಯ ಬಸ್ಸು, ಹಳ್ಳದ ಕಲ್ಲು ಎಲ್ಲ ಒಟ್ಟಿಗೇ ಬೆನ್ನಿಗೆ ಬಂದು ಕೂತ ಹಾಗಾಯಿತು. ಅದರ ಜೊತೆಗೇ, ತಾನು ಎಣಿಸದಿದ್ದ ಒಂದು ಹಗುರವೂ ಬಂತು.

"ಜೈನೂ, ಗುಜರಿಯವಗ ಹೇಳಿಬಿಡು" ಎಂದ. "ಎಲ್ಲಾ ಒಯ್ಯಲಿ. ಏ ಚನ್ನೀ, ನಿನ್ನ ತಂಗಿಗಿ ಹೇಳಿ ಕಳಸು, ಎಮ್ಮಿ ಬರಲಿ."

"ಯಾಕ? ಮಾತಾಡ್ತಲ್ಲ. ನಾ ಕೇಳೇನಿ."

"ಮಾತಾಡಿ ಸತ್ತಿತು."

"ಸತ್ತದ್ದು ಯಾರಿಂದ?"

ಗೋಡೆಯಾಚೆಯಿಂದ ದಾವಲಬಿಯ ದನಿ ಬಂತು: "ಚನ್ನಕ್ಕಾ, ಜೀಂವ ಬಂತಲ್ಲ ಅದಕ್ಕ! ಯಾಕ ನಿಂತಿತು?"

ಚನ್ನವ್ವ ಆ ಕಡೆ ತಿರುಗಿ, "ಪೆಟ್ರೋಲ್ ತೀರಿತವಾ" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಈಗ ಇದು ಗುಜರಿಗಿ ಹೋದ್ರ ಓಣ್ಯಾಗ ಏನಂತಾರ? ವಿಭೂತಿ ಹಾಕಿದ್ದಕ್ಕ ಸತ್ತಿತು ಅಂತಾರ. ಹುಡುಗರು ಹಾಡ ಕಟ್ಟತಾವ. ಅಜ್ಜಾರ ಕಿವಿಗಿ ಬಿದ್ರ ನಾ ಯಾವ ಮಾರಿ ಹೊತ್ತು ಮಠಕ್ಕ ಹೋಗಲಿ? ಆಗೂದಿಲ್ರಿ. ಇದು ಮತ್ತ ಏಳಬೇಕು. ಎದ್ದ ಮ್ಯಾಲ ಬೇಕಾದ್ರ ಒಯ್ದು ಹೊಳಿಗಿ ಒಗೀರಿ."

"ನನಗ ಸಾಕಾಗೇತಿ, ಚನ್ನೀ. ಖರೇನ ಸಾಕಾಗೇತಿ."

"ನನಗೂ ಸಾಕಾಗಿತ್ತು. ಎಷ್ಟ ವರ್ಷ ಹೇಳೇನಿ. ನೀವು ಕೇಳಿದ್ರೇನು?"

ಜೈನುದ್ದೀನ ಕೈ ಒರೆಸಿಕೊಳ್ಳುತ್ತ ಎದ್ದ. "ಬಸಂತಣ್ಣ, ನೀ ಇನ್ನ ಪಾರಾಗಾಂಗಿಲ್ಲ ಬಿಡು" ಎಂದು, ಚನ್ನವ್ವ ಕೊಟ್ಟ ಹೋಳಿಗೆ ತಿಂದು, ಸಂಜೆಯ ಬಸ್ಸಿಗೆ ಸಿಂದಗಿಗೆ ಹೋದ. ಹೋಗುವಾಗ ಮುಳವಾಡದ ಕಡೆ ಒಬ್ಬರ ಹೊಲದಲ್ಲಿ ಇಂಥದ್ದೇ ಒಂದು ಬಿದ್ದಿದೆ ಎಂದು ಕೇಳಿದ್ದೇನೆ, ಖಾತ್ರಿ ಇಲ್ಲ ಎಂದ. ಅದನ್ನು ಬಸಂತರಾಯನಿಗೆ ಹೇಳಲಿಲ್ಲ, ಚನ್ನವ್ವನಿಗೆ ಹೇಳಿದ.

ಮರುದಿನ ಬನ್ನಿ ಕೊಟ್ಟು ಬನ್ನಿ ತಗೊಳ್ಳಲು ಬಂದವರ ಕೈಯಲ್ಲಿ ಚನ್ನವ್ವ ತಂಗಡಗಿಗೆ ಹೇಳಿ ಕಳಿಸಿದಳು: ಎಮ್ಮೆಯನ್ನು ಬೇರೆ ಯಾರಿಗಾದರೂ ಕೊಡಲಿ, ನಮ್ಮಲ್ಲಿ ಈಗ ಜಾಗ ಇಲ್ಲ. ಹೇಳಿ ಮುಗಿಸಿ ಒಮ್ಮೆ ಕೊಟ್ಟಿಗೆಯ ಕಡೆ ನೋಡಿದಳು. ಬಸಂತರಾಯ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡ. ಅವನಿಗೆ ಎಮ್ಮೆ ಬರಬೇಕಿತ್ತು ಅನ್ನಿಸಿತು.

ಮುಂದಿನ ರಜೆಯ ಬೆಳಿಗ್ಗೆ ಅವನು ಮುಖ ತೊಳೆದು ಬರುವಷ್ಟರಲ್ಲಿ ಬಾಗಿಲ ಹತ್ತಿರ ಕೈಚೀಲ ಸಿದ್ಧವಿತ್ತು. ಒಳಗೆ ಗೀರು ಬಿದ್ದ ಪಿಸ್ಟನ್ನು, ಒಗೆದ ಬಿಳಿ ಅರಿವೆಯಲ್ಲಿ ಸುತ್ತಿದ್ದು. ಅದರ ಮೇಲೆ ರೊಟ್ಟಿ, ಶೇಂಗಾ ಹಿಂಡಿ. ಚನ್ನವ್ವ ಹೊಸ ಇಳಕಲ್ಲ ಸೀರೆ ಉಟ್ಟು ಮೆಟ್ಟಿನೊಳಗೆ ಕಾಲು ತೂರಿಸುತ್ತಿದ್ದಳು.

"ನೀ ಎಲ್ಲಿಗಿ?"

"ಮುಳವಾಡಕ್ಕ. ನೀವೊಬ್ಬರ ಹೋದ್ರ ಚಾ ಕುಡದು ವಾಪಸ್ ಬರತೀರಿ."

ಬಸಂತರಾಯ ಚೀಲವನ್ನು ಎತ್ತಿ ನೋಡಿದ, ಮತ್ತೆ ಕೆಳಗಿಟ್ಟ. ಕಟ್ಟೆಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಂಡ.

"ಇನ್ನೊಂದೀಟು ಚಾ ಕೊಡು."

"ಬಸ್ಸ ಹೋಗತೈತಿ."

"ಹೋಗಲಿ. ಹಿಂದ ಮತ್ತೊಂದು ಬರತೈತಿ."

ಚನ್ನವ್ವ ಒಂದು ಗಳಿಗೆ ಅವನನ್ನು ನೋಡಿದಳು. ಮೆಟ್ಟು ಬಿಚ್ಚಿ ಒಲೆಯ ಕಡೆ ನಡೆದಳು.